ಬಸುವಿಗೆ ಬೇಕಿದ್ದದ್ದು ಮನೆ, ನನ್ನ ಮಗಳಲ್ಲ

"ತಮ್ಮನ್ನ ಎಲ್ಲೋ ಹಾಕಿ ಬಂದೀರಂತಲ್ರೀ?"

ವಾಸ್ಕೋದ ಕಾಯಿಪಲ್ಯೆ ಮಾರುಕಟ್ಟೆಯಲ್ಲಿ ಈಗಲೂ ಯಾರಾದರೊಬ್ಬರು ಹೀಗೆ ಕೇಳುತ್ತಾರೆ. ಕೇಳುವಾಗ ಮುಖದಲ್ಲಿ ಕನಿಕರ, ಕೈಯಲ್ಲಿ ಬದನೆಕಾಯಿ. ಮೊದಮೊದಲು ನಾನು ನಿಂತು ವಿವರಿಸುತ್ತಿದ್ದೆ. ಈಗ, "ಹೌದ್ರೀ, ನೀವು ನೋಡ್ಕೋತೀರೇನು? ಹೇಳ್ರಿ, ನಾಳೇನೇ ಕರ್ಕೊಂಡು ಬಂದು ನಿಮ್ಮ ಮನ್ಯಾಗ ಬಿಡ್ತೇನಿ" ಎನ್ನುತ್ತೇನೆ. ಆಮೇಲೆ ಅವರಿಗೆ ಬದನೆಕಾಯಿ ಆರಿಸುವ ಅವಸರ ಬಂದುಬಿಡುತ್ತದೆ.

ನನ್ನ ತಮ್ಮ ಬಸವರಾಜ, ಮನೆಯವರಿಗೆಲ್ಲ ಬಸು. ವಯಸ್ಸು ಮೂವತ್ತು ದಾಟಿದೆ. ಈಗ ದಕ್ಷಿಣ ಗೋವಾದ ಕೇಪೆಂ ಕಡೆಯ ಒಂದು ಹಳ್ಳಿಯಲ್ಲಿ, ತನ್ನಂಥ ಕೆಲವರ ಜೊತೆ ಒಂದು ಹಳೆಯ ಮನೆಯಲ್ಲಿ ಇದ್ದಾನೆ. ಅವನಿಗಿರುವ ಕಾಯಿಲೆ ಸ್ಕಿಜೋಫ್ರೀನಿಯಾ. ಆ ಹೆಸರನ್ನು ನಾನು ಬೇಕೆಂದೇ ಪೂರ್ತಿಯಾಗಿ ಹೇಳುತ್ತೇನೆ. ವರ್ಷಗಟ್ಟಲೆ ನಮ್ಮ ಮನೆಯಲ್ಲಿ ಅದಕ್ಕೆ "ಅಂವಗ ಸ್ವಲ್ಪ ಹಂಗ" ಎಂಬುದೇ ಹೆಸರಾಗಿತ್ತು. ಹಂಗ ಅಂದರೆ ಹೇಗೆ ಎಂದು ಯಾರೂ ಕೇಳುವಂತಿರಲಿಲ್ಲ.

ಸಿಟ್ಟು ತಣ್ಣಗಾದ ಮೇಲೆ ಇದನ್ನು ಬರೆಯೋಣ ಎಂದು ಕಾದೆ. ಅದು ತಣ್ಣಗಾಗುವ ಲಕ್ಷಣ ಕಾಣಲಿಲ್ಲ. ಹಾಗಾಗಿ ಬಿಸಿಯಿದ್ದಾಗಲೇ ಬರೆಯುತ್ತಿದ್ದೇನೆ. ಇಂಥದೇ ಕಾಯಿಲೆಯವರನ್ನು ಮನೆಯಲ್ಲಿಟ್ಟುಕೊಂಡು ಒದ್ದಾಡುತ್ತಿರುವವರು ಯಾರಾದರೂ ಓದಿದರೆ, ಒದ್ದಾಡುತ್ತಿರುವುದು ತಾವೊಬ್ಬರೇ ಅಲ್ಲ ಎಂದಾದರೂ ತಿಳಿಯಲಿ. ಸಿಟ್ಟು ಬರುವುದೂ ತಮಗೊಬ್ಬರಿಗೇ ಅಲ್ಲ ಎಂದು ತಿಳಿಯಲಿ.

ಅಪ್ಪ ಬೆಳಗಾವಿ ಕಡೆಯಿಂದ ಬಂದು ವಾಸ್ಕೋದಲ್ಲಿ ಸ್ಟೀಲ್ ಪಾತ್ರೆಗಳ ಅಂಗಡಿ ಇಟ್ಟಿದ್ದ. ನಾವು ಮೂವರೂ ಹುಟ್ಟಿದ್ದು ಇಲ್ಲೇ. ಅಪ್ಪ ತೀರಿಕೊಂಡ ಮೇಲೆ ಅಂಗಡಿಯನ್ನು ಅಣ್ಣ ಶಿವಾನಂದ ನಡೆಸುತ್ತಿದ್ದಾನೆ. ಬಸುವಿನ ಕೆಲಸ ಪಾತ್ರೆಗಳ ಮೇಲೆ ಹೆಸರು ಹಾಕುವುದು. ನಮ್ಮ ಮಂದಿ ಮದುವೆಗೆ ಒಂದು ಚರಿಗೆ ಕೊಟ್ಟರೂ ಅದರ ಮೇಲೆ ಕೊಟ್ಟವರ ಹೆಸರು ಇರಲೇಬೇಕಲ್ಲ. ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರ, ಅದರ ಗುಂಯ್ ಎನ್ನುವ ಸದ್ದು, ಬಸುವಿನ ಮುತ್ತಿನಂಥ ಅಕ್ಷರ. ಒಂದು ಮದುವೆ ಹಂಗಾಮಿನಲ್ಲಿ ತಾಟುಗಳ ದೊಡ್ಡ ಆರ್ಡರು ಬಂತು. ಮದುವೆ ಮನೆಯವರು ಒಯ್ದು ಹಂಚಲು ತೆಗೆದಾಗ ನೋಡಿದರೆ ಯಾವ ತಾಟಿನ ಮೇಲೂ ಯಜಮಾನರ ಹೆಸರಿಲ್ಲ. ಎಲ್ಲದರ ಮೇಲೂ ಅದೇ ಮುತ್ತಿನಂಥ ಅಕ್ಷರದಲ್ಲಿ "ನೋಡಾಕತ್ತಾರ, ಸುಮ್ನಿರು" ಎಂದು ಕೊರೆದಿತ್ತು.

ಅಣ್ಣ ಗಿರಾಕಿಗಳ ಎದುರೇ ಅವನ ಕಪಾಳಕ್ಕೆ ಹೊಡೆದ. ಬಸು ಅಳಲಿಲ್ಲ. "ಸಾವಕಾಶ ಮಾತಾಡೋ ಅಣ್ಣಾ, ಅವ್ರಿಗೆ ಕೇಳಸ್ತೈತಿ" ಎಂದನಂತೆ. ಕಾಯಿಲೆ ನಮ್ಮ ಮನೆಗೆ ಬಂದದ್ದು ನಮಗೆ ಗೊತ್ತಾದದ್ದು ಹೀಗೆ.

ಆಮೇಲಿನ ತಾಯಿತ, ಲಿಂಬೆಹಣ್ಣು, ಹರಕೆಗಳ ಬಗ್ಗೆ ಬರೆಯುವುದಿಲ್ಲ. ಎಲ್ಲರ ಮನೆಯಲ್ಲೂ ಅದೇ ಕಥೆ. ಕೊನೆಗೆ ನಾನೇ ಅವನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮನೋರೋಗದ ವಿಭಾಗದ ಮುಂದಿನ ಬೆಂಚುಗಳನ್ನು ನೀವು ನೋಡಿಲ್ಲದಿದ್ದರೆ ಹೇಳುತ್ತೇನೆ. ಬೇರೆ ವಿಭಾಗಗಳಲ್ಲಿ ಜನ ಪಕ್ಕದವರ ಜೊತೆ ತಮ್ಮ ಹಲ್ಲು, ಮಂಡಿ, ಸಕ್ಕರೆ ಕಾಯಿಲೆಯ ಕಥೆ ಹೇಳಿಕೊಂಡು ಹೊತ್ತು ಕಳೆಯುತ್ತಾರೆ. ಇಲ್ಲಿ ಎಲ್ಲರೂ ಬೇರೆ ಯಾರದೋ ಸಲುವಾಗಿ ಬಂದವರ ಹಾಗೆ ಕೂರುತ್ತಾರೆ. ನಮ್ಮ ಓಣಿಯ ಒಬ್ಬ ಹೆಣ್ಣುಮಗಳು ಎದುರಿನ ಬೆಂಚಿನಲ್ಲೇ ಇದ್ದಳು. ಆಕೆ ಗೋಡೆಯ ಮೇಲಿನ ಪೋಸ್ಟರನ್ನು ಎಷ್ಟು ಶ್ರದ್ಧೆಯಿಂದ ಓದಿದಳೆಂದರೆ, ಇಡೀ ಬೆಳಿಗ್ಗೆ ನನ್ನ ಕಡೆ ತಿರುಗಲಿಲ್ಲ. ನಾನೂ ಅವಳನ್ನು ಮಾತಾಡಿಸಲಿಲ್ಲ. ಕಾಣಕೋಣದ ಕಡೆಯ ಒಬ್ಬ ಅಜ್ಜಿ ಮಾತ್ರ ಬಸುವಿನ ಪಕ್ಕ ಬಂದು ಕೂತು, ತನ್ನ ಚೀಲದಿಂದ ಬಿಸ್ಕೀಟು ತೆಗೆದು, ಹೆಸರು ಊರು ಏನೂ ಕೇಳದೆ ಅವನ ಕೈಗಿಟ್ಟಳು. ಮನೆಯ ಅನ್ನವನ್ನೇ ಅನುಮಾನದಿಂದ ನೋಡುತ್ತಿದ್ದವನು ಅದನ್ನು ತಿಂದ. ನಾನು ಆ ಅಜ್ಜಿಯ ಕಾಲು ಮುಟ್ಟುವುದೊಂದು ಬಾಕಿ.

ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಸುವಿನ ತಲೆಯ ಮೇಲಿಂದ ನನ್ನ ಜೊತೆ ಮಾತಾಡದೆ ಅವನ ಜೊತೆಗೇ ಮಾತಾಡಿದ ಮೊದಲ ವ್ಯಕ್ತಿ. ಔಷಧಿ ಹಿಡಿಯಿತು. ಒಂದಿಷ್ಟು ಕಾಲ ಒಳಗೆ ಇಟ್ಟುಕೊಂಡರು, ಆಮೇಲೆ ಗುಳಿಗೆಗಳು, ಆಗಾಗ ಇಂಜೆಕ್ಷನ್. ಅವನ ಕಿವಿಯಲ್ಲಿ ಮಾತಾಡುವ ದನಿಗಳು ಪೂರ್ತಿ ಹೋಗಲಿಲ್ಲ, ಪಕ್ಕದ ಮನೆಯ ರೇಡಿಯೋದಷ್ಟು ದೂರಕ್ಕೆ ಹೋದವು ಎಂದು ಅವನೇ ಹೇಳಿದ. ಡಾಕ್ಟರು ನನ್ನನ್ನು ಕೂರಿಸಿಕೊಂಡು ಹಿಂದಿಯಲ್ಲಿ ಬಿಡಿಸಿ ಹೇಳಿದರು. ಇವನಿಗೆ ಇನ್ನು ಆಸ್ಪತ್ರೆ ಬೇಡ. ಒಬ್ಬನೇ ಇರುವುದೂ ಆಗುವುದಿಲ್ಲ. ಹೊತ್ತಿಗೆ ಗುಳಿಗೆ, ಕೈಗೆ ಒಂದಿಷ್ಟು ಕೆಲಸ, ಸುತ್ತ ನಾಲ್ಕು ಜನ, ಬೈಗುಳವಿಲ್ಲದ ಒಂದು ಮನೆ ಬೇಕು.

"ಅಂಥ ಮನೆ ಎಲ್ಲಿದೆ?" ಎಂದೆ.

ಅವರು ಎರಡೂ ಕೈ ಬಿಚ್ಚಿ ತೋರಿಸಿದರು. ನನ್ನ ಸಿಟ್ಟಿನ ಲೆಕ್ಕ ಅಲ್ಲಿಂದ ಶುರು. ಕಾಯಿಲೆಗೆ ಹೆಸರಿದೆ, ಗುಳಿಗೆಯಿದೆ, ಆಸ್ಪತ್ರೆಯಿದೆ. ಅದು ಮುಗಿದ ಮೇಲೆ ಆ ಮನುಷ್ಯ ಉಳಿದ ಬದುಕನ್ನು ಎಲ್ಲಿ ಬದುಕಬೇಕು ಎಂಬುದಕ್ಕೆ ಮಾತ್ರ ಬಿಚ್ಚಿದ ಎರಡು ಕೈ.

ಅವ್ವ ಮತ್ತು ಅಣ್ಣನ ಸಂಸಾರ ಇರುವುದು ಅಂಗಡಿಯ ಮೇಲಿನ ಮನೆಯಲ್ಲಿ. ಬಸು ಅಲ್ಲಿಗೇ ಮರಳಿದ. ಒಂದು ಮಧ್ಯಾಹ್ನ ನಾನು ಕುಕ್ಕರಿನ ರಬ್ಬರು ಒಯ್ಯಲು ಅಂಗಡಿಗೆ ಹೋದೆ. ಹಂಗಾಮಿನ ದಿನ, ಗಿರಾಕಿಗಳ ಗದ್ದಲ. ಹಿಂದಿನ ಗೋದಾಮಿನ ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು, ಒಳಗಿನಿಂದ ಯಾರೋ ಬೋಗುಣಿಯ ಮೇಲೆ ಬೆರಳಿನಿಂದ ತಟ್ಟುತ್ತಿದ್ದರು.

"ಬಸು ಎಲ್ಲಿ?" ಎಂದು ಅಣ್ಣನನ್ನು ಕೇಳಿದೆ.

"ಒಳಗದಾನ. ಮಂದಿ ಬರೂ ಹೊತ್ತು. ಸಂಜಿಗೆ ತೆಗಿತೇನಿ."

"ಬೀಗ ಹಾಕೀಯೇನು?"

"ಮತ್ತೇನ್ ಮಾಡ್ಲಿ? ಗಿರಾಕಿ ಎದುರು ಬಂದು ನಿಂತು ಒಬ್ಬನೇ ಮಾತಾಡ್ತಾನ. ನಿನಗೇನು, ಕಂಪನಿ ಬಸ್ ಹತ್ತಿ ಹೋಗ್ತಿ. ಇಲ್ಲಿ ಮುಖಾ ತೋರ್ಸಾಂವ ನಾನು."

ನಾನು ಅವನ ಕೈಯಿಂದ ಬೀಗದಕೈ ಕಿತ್ತುಕೊಂಡೆ. ಅಂಗಡಿಯ ಮಂದಿಯೆಲ್ಲ ನೋಡುತ್ತಿದ್ದರು. ಬಸು ಪಾತ್ರೆಗಳ ಮಧ್ಯೆ ಬೆವರಿನಲ್ಲಿ ತೊಯ್ದು ಕೂತಿದ್ದ. ನನ್ನನ್ನು ಕಂಡು, "ಅಕ್ಕಾ, ಸಂಜಿ ಆತೇನು?" ಎಂದು ಕೇಳಿದ. ಆ ಪ್ರಶ್ನೆ ನೆನಪಾದರೆ ಇವತ್ತಿಗೂ ನನ್ನ ಕೈಯಲ್ಲಿರುವ ವಸ್ತುವನ್ನು ಎಲ್ಲಾದರೂ ಎಸೆಯಬೇಕೆನಿಸುತ್ತದೆ. ಅವತ್ತೇ ಅವನನ್ನು ನನ್ನ ಮನೆಗೆ ಕರೆತಂದೆ.

ನನ್ನ ಮನೆ ಸಡಾದಲ್ಲಿ, ಎರಡು ಕೋಣೆ. ಗಂಡ ಮಲ್ಲಪ್ಪ ಮುರ್ಮುಗಾಂವ್ ಬಂದರಿನಲ್ಲಿ ಹಡಗಿಗೆ ಸರಕು ತುಂಬಿಸುವ ಕೆಲಸಕ್ಕಿದ್ದಾರೆ. ನಾನು ವೆರ್ಣಾದ ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗದಲ್ಲಿ. ವಾರಕ್ಕೊಂದು ಪಾಳಿ, ಕಂಪನಿ ಬಸ್ಸು ತಪ್ಪಿದರೆ ದಿನವೇ ಹೋಯಿತು. ಮಗಳು ರೇಖಾ ಡಿಗ್ರಿ ಮುಗಿಸಿ ಆಗಷ್ಟೇ ದಾಬೋಲಿಮ್ ವಿಮಾನ ನಿಲ್ದಾಣದ ಒಂದು ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಬಸುವನ್ನು ಯಾವ ಹೊತ್ತಿನಲ್ಲಿ ಯಾರು ನೋಡಿಕೊಳ್ಳುವುದು ಎಂಬುದು ನಮ್ಮ ಮನೆಯ ನಿತ್ಯದ ಚದುರಂಗವಾಯಿತು. ಯಾರೂ ಮನೆಯಲ್ಲಿಲ್ಲದ ಹೊತ್ತು ಬಂದೇ ಬರುತ್ತಿತ್ತು. ಆ ಹೊತ್ತಿನಲ್ಲಿ ಒಮ್ಮೆ ಗ್ಯಾಸ್ ಹಚ್ಚಿಟ್ಟು ಮರೆತ, ಒಮ್ಮೆ ಗುಳಿಗೆಗಳನ್ನೆಲ್ಲ ಕಿಟಕಿಯಿಂದ ಎಸೆದ. ಮೆಲ್ಲಗೆ ರೇಖಾ ತನ್ನ ಪಾಳಿಗಳನ್ನು ಬದಲಾಯಿಸಿಕೊಳ್ಳತೊಡಗಿದಳು. ರಜೆ ಹಾಕತೊಡಗಿದಳು.

ಆಸರೆಯ ಮನೆಗಾಗಿ ನಾನು ರಜೆಯ ದಿನಗಳನ್ನೆಲ್ಲ ಸುತ್ತಾಟಕ್ಕೆ ಸುರಿದೆ. ಒಂದು ಕಡೆ ಮುದುಕಿಯರಿಗೆ ಮಾತ್ರ ಜಾಗವಿತ್ತು. ಒಂದು ಕಡೆ "ಮೆಂಟಲ್ ಕೇಸ್ ಬೇಡ" ಎಂದು ಗೇಟಿನಲ್ಲೇ ಹೇಳಿದರು. ಮತ್ತೊಂದು, ಸಮುದ್ರದ ಕಡೆಯ ಚೆಂದದ ಬೋರ್ಡಿನ ಪುನರ್ವಸತಿ ಕೇಂದ್ರ. ಕುಡಿತ ಬಿಡಿಸುವವರನ್ನೂ ಬಸುವಿನಂಥವರನ್ನೂ ಒಂದೇ ಹಾಲಿನಲ್ಲಿ ತಲೆ ಬೋಳಿಸಿ ಸಾಲಾಗಿ ಕೂರಿಸಿದ್ದರು. ಮೊದಲು ಕೆಲವು ತಿಂಗಳು ಮನೆಯವರು ಭೇಟಿಯಾಗಬಾರದಂತೆ, ಫೋನೂ ಇಲ್ಲವಂತೆ. ಯಾಕೆ ಎಂದರೆ "ಶಿಸ್ತು" ಎಂದರು. ನಾನು ಬಸುವಿನ ಕೈ ಹಿಡಿದು ಹೊರಗೆ ಬಂದೆ.

ಇನ್ನೊಂದು ಕಚೇರಿಯಲ್ಲಿ ಮೇಜಿನ ಹಿಂದಿನ ಮನುಷ್ಯ ನಮ್ಮ ಹೆಸರು ಕೇಳಿದ ಕೂಡಲೇ ಕಾಗದ ಮಡಿಸಿಟ್ಟ. ಘಟ್ಟದ ಮೇಲಿನವರು ನೀವು, ಅಪ್ನೇ ಗಾಂವ್ ಲೇ ಜಾವೋ, ನಿಮ್ಮೂರಿಗೇ ಕರೆದೊಯ್ಯಿರಿ ಎಂದ. ನಾನು ಚೀಲ ಎತ್ತಿಕೊಂಡು ಎದ್ದೆ. ಬಸು ಮಾತ್ರ ಮೇಜಿಗೆ ಕೈಯೂರಿ, "ಹಾಂವ್ ಹಾಂಗಾಚೊಚ್ ರೇ" ಎಂದ. ನಾನು ಇಲ್ಲಿಯವನೇ ಮಾರಾಯ, ಎಂದು. ವಾಸ್ಕೋದಲ್ಲಿ ಹುಟ್ಟಿ, ವಾಸ್ಕೋದ ಶಾಲೆಯಲ್ಲಿ ಕಲಿತವನು, ಆ ಮನುಷ್ಯನಿಗಿಂತ ಚೊಕ್ಕ ಕೊಂಕಣಿ ಅವನದು. ಆಮೇಲೆ ಧಾರವಾಡದ ಕಡೆ ವಿಚಾರಿಸಿದೆ. ಅಲ್ಲಿಯವರು, "ನೀವು ಗೋವಾದವರಲ್ರೀ, ಅಲ್ಲೇ ನೋಡ್ರಿ" ಎಂದು ಭಾಳ ಮರ್ಯಾದೆಯಿಂದ ಫೋನಿಟ್ಟರು.

ಇಷ್ಟಾಗುವಾಗ ಒಂದು ಭಾನುವಾರ ಅವ್ವ, ಅಣ್ಣ, ಅವನ ಹೆಂಡತಿ ಮೂವರೂ ಹೇಳದೆ ಕೇಳದೆ ನಮ್ಮ ಮನೆಗೆ ಬಂದರು. ಅವ್ವನ ಚೀಲದಲ್ಲಿ ಹಸಿರು ಇಳಕಲ್ ಸೀರೆ, ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ. ರೇಖಾಳನ್ನು ಕರೆದು, "ಬಾ ಯವ್ವಾ, ಮಣಿ ಮ್ಯಾಲ ಕುಂದ್ರು" ಎಂದಳು. ಅಜ್ಜಿ ಮೊಮ್ಮಗಳಿಗೆ ಉಡಿ ತುಂಬುವುದು ಹೊಸದೇನಲ್ಲ. ಕೆಲಸ ಸಿಕ್ಕಿದ್ದಕ್ಕೆ ಇರಬೇಕು ಎಂದುಕೊಂಡು ನಾನು ಚಹಾಕ್ಕೆ ನೀರಿಟ್ಟೆ. ತಿರುಗಿ ನೋಡಿದರೆ ಅವ್ವ ಅವಳ ಉಡಿಗೆ ಅಕ್ಕಿ ತುಂಬಿದ್ದಳು, ಅಣ್ಣ ಸಕ್ಕರೆಯ ದೊಡ್ಡ ಪೊಟ್ಟಣ ಬಿಚ್ಚುತ್ತಿದ್ದ. ನಮ್ಮಲ್ಲಿ ಉಡಿ ತುಂಬಿ ಸಕ್ಕರೆ ಹಂಚಿದರೆ ಹೆಣ್ಣು ನಿಶ್ಚಯವಾಯಿತೆಂದೇ ಅರ್ಥ.

"ಅವ್ವಾ, ಏನಿದು?"

"ಎಷ್ಟು ದಿನಾ ಅಂತ ಊರೂರು ತಿರಗ್ತಿ?" ಅವ್ವನ ದನಿ ಮೆತ್ತಗಿತ್ತು. "ಯಾವ ಮಂದಿ ನಮ್ಮ ಹುಡುಗನ್ನ ಇಟ್ಕೋತಾರ? ರೇಖಾ ಮನಿ ಹುಡುಗಿ. ಅಂವನ ಸ್ವಭಾವ ಬಲ್ಲಾಕಿ. ವ್ಯಾಳ್ಯಾಕ ಗುಳಗಿ ಕೊಡ್ತಾಳ, ಉಣ್ಣಾಕ ಹಾಕ್ತಾಳ. ಸೋದರಮಾವಗ ಕೊಡೋದು ನಮ್ಮಲ್ಲಿ ಹೊಸಾದೇನು? ನಿನ್ನ ನಾ ನನ್ನ ತಮ್ಮಗ ಕೊಡಲಿಲ್ಲೇನು? ನಿನಗೇನು ಕಮ್ಮಿ ಆಗೈತಿ?"

ಇಲ್ಲಿ ಒಂದು ಮಾತು ಹೇಳಬೇಕು. ನನ್ನ ಗಂಡ ಮಲ್ಲಪ್ಪ, ಅವ್ವನ ಕೊನೆಯ ತಮ್ಮ. ನನ್ನ ಸೋದರಮಾವ. ಇವತ್ತಿಗೂ ನಾನು ಅವರನ್ನು ಮಾಮಾ ಎಂದೇ ಕರೆಯುವುದು. ಒಳ್ಳೆಯ ಮನುಷ್ಯ, ಸುಖವಾಗಿಯೇ ಇದ್ದೇನೆ. ಆ ಪದ್ಧತಿ ಕೆಟ್ಟದ್ದು ಎಂದು ನನ್ನ ಬಾಳನ್ನು ತೋರಿಸಿ ಹೇಳುವ ಹಾಗಿರಲಿಲ್ಲ. ಅವ್ವನಿಗೆ ಅದು ಗೊತ್ತು. ಅದಕ್ಕೇ ಅದನ್ನೇ ಮೊದಲು ಎತ್ತಿದಳು.

"ಸಂಸಾರ ಅಂತಾದ್ರ ಅಂವನ ತಲೀನೂ ನೆಟ್ಟಗಾಗ್ತೈತಿ" ಎಂದ ಅಣ್ಣ.

"ಹಂಗಾದ್ರ ನಿನ್ನ ಮಗಳನ್ನ ಕೊಡು."

"ಏನ್ ಮಾತಾಡ್ತಿ ಶೋಭಾ? ನನ್ನ ಮಗಳು ಅಂವಗ ಮಗಳಿದ್ದಂಗ. ಪದ್ಧತಿ ಇಲ್ಲ."

ಎಂಥ ಅನುಕೂಲದ ಪದ್ಧತಿ ನೋಡಿ. ಅಣ್ಣನ ಮಗಳಾದರೆ ಮಗಳು, ಅಕ್ಕನ ಮಗಳಾದರೆ ಹೆಂಡತಿ, ಅಡುಗೆಯವಳು, ದಾದಿ, ಕಾವಲುಗಾರ್ತಿ, ಎಲ್ಲ. ನಾನು ಗೋವಾ ತುಂಬ ಹುಡುಕಿ ಬಂದ ಆಸರೆಯ ಮನೆ ನನ್ನ ಮನೆಯ ಮಣೆಯ ಮೇಲೆ ದುಪಟ್ಟಾದ ಸೆರಗು ಒಡ್ಡಿಕೊಂಡು ಕೂತಿತ್ತು. ನಮ್ಮ ಮಂದಿಗೆ ಇಂಥ ಮನೆಗಳ ಕೊರತೆ ಯಾವತ್ತೂ ಕಂಡಿಲ್ಲ. ಪ್ರತಿ ಮನೆಯಲ್ಲೂ ಒಂದು ಹೆಣ್ಣು ಹುಟ್ಟುತ್ತದಲ್ಲ.

ಆದರೆ ನಾನು ಹೆದರಿದ್ದು ಅವರ ಮಾತಿಗಲ್ಲ. ರೇಖಾ ಮಣೆಯಿಂದ ಎದ್ದಿರಲಿಲ್ಲ. ನನ್ನ ಮುಖವನ್ನೇ ನೋಡುತ್ತ, "ಅವ್ವಾ, ಇದರಿಂದ ನಿನಗ ಹಗುರಾಗ್ತೈತೇನು?" ಎಂದು ಕೇಳಿದಳು.

ನಾನು ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ, ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಉಡಿಯ ಅಕ್ಕಿಯನ್ನೆಲ್ಲ ಅವಳ ಮಡಿಲಿಂದ ಕೊಡವಿ, ರಟ್ಟೆ ಹಿಡಿದು ಎಬ್ಬಿಸಿದೆ. ಅವ್ವ ಅಳತೊಡಗಿದಳು. ತಾನು ಸತ್ತ ಮೇಲೆ ಅವನ ಗತಿಯೇನು, ನೀವು ಯಾರೂ ನೋಡುವುದಿಲ್ಲ, ಎಂದು ಎದೆಗೆ ಬಡಿದುಕೊಂಡಳು. ಅದು ನಾಟಕವಲ್ಲ, ಅವಳ ಭಯ ಖರೆಯಾದದ್ದು. ಅಷ್ಟಾದರೂ ಅವತ್ತು ನನಗೆ ಅವಳ ಮೇಲೆ ಒಂದು ಹನಿ ಕನಿಕರ ಹುಟ್ಟಲಿಲ್ಲ.

ಅಲ್ಲಿಯವರೆಗೆ ಬಾಗಿಲಲ್ಲಿ ನಿಂತಿದ್ದ ಮಾಮಾ ಅವ್ವನ ಎದುರು ಬಂದು ಕೂತರು. ಅಕ್ಕನಿಗೆ ಎದುರಾಡಿದ ಮನುಷ್ಯನೇ ಅಲ್ಲ.

"ಅಕ್ಕಾ, ನೀ ನನಗ ಶೋಭಾನ್ನ ಕೊಟ್ಟಾಗ ಅದು ಮದುವಿ. ಇದು ಮದುವಿ ಅಲ್ಲ. ನೀ ನಿನ್ನ ಮಗಗ ನರ್ಸ್ ಹುಡುಕಾಕತ್ತಿ. ಪಗಾರ ಇಲ್ಲದ್ದು, ಸೂಟಿ ಇಲ್ಲದ್ದು. ನನ್ನ ಮಗಳನ್ನ ಕೊಡಂಗಿಲ್ಲ."

ಅಷ್ಟರಲ್ಲಿ ಒಳಕೋಣೆಯಿಂದ ಬಸು ಬಂದ. ನಾವೆಲ್ಲ ಅವನು ಮಲಗಿದ್ದಾನೆ ಎಂದುಕೊಂಡಿದ್ದೆವು. ಅವನೊಬ್ಬ ಅಲ್ಲಿದ್ದಾನೆಂಬುದೇ ನಮಗೆ ಮರೆತಿತ್ತು.

"ನನ್ನ ಯಾರರ ಕೇಳಿದ್ರೇನು?" ಎಂದ. "ಆಕೀನ ಕೈ ಹಿಡದು ಸಾಲಿಗೆ ಬಿಟ್ಟು ಬಂದಾಂವ ನಾನು. ಆಕಿ ಡಬ್ಬಿ ಮ್ಯಾಲ ಹೆಸರು ಕೊರದು ಕೊಟ್ಟಾಂವ ನಾನು. ನಾಚಿಕಿ ಆಗಂಗಿಲ್ಲೇನು ನಿಮಗ?"

ಅಣ್ಣನ ಕೈಯಲ್ಲಿದ್ದ ಸಕ್ಕರೆಯ ಪೊಟ್ಟಣ ತೆಗೆದುಕೊಂಡು ಅಡುಗೆಮನೆಗೆ ಹೋಗಿ, ಡಬ್ಬಿಯ ಮುಚ್ಚಳ ತೆಗೆದು ಎಲ್ಲವನ್ನೂ ಅದಕ್ಕೆ ಸುರಿದ. "ಚಹಾಕ್ಕ ಆಗ್ತೈತಿ" ಎಂದ. ನನಗೆ ನಗು ಬಂತು, ಅಳುವೂ ಬಂತು. ಆ ಸಕ್ಕರೆಯಲ್ಲೇ ಎಲ್ಲರಿಗೂ ಚಹಾ ಮಾಡಿಕೊಟ್ಟೆ. ಯಾರೂ ಕುಡಿಯಲಿಲ್ಲ, ಬಸು ಎರಡು ಲೋಟ ಕುಡಿದ.

ಮರುದಿನ ಬೆಳಿಗ್ಗೆ ಅವನ ಹಾಸಿಗೆ ಖಾಲಿ. ಚಪ್ಪಲಿ ಇಲ್ಲೇ ಇದ್ದವು. ಮಾಮಾ ಬಂದರಿನ ಕಡೆ ಓಡಿದರು, ನಾನು ಮತ್ತು ರೇಖಾ ಸಡಾದ ಇಳಿಜಾರು, ಬಸ್ ನಿಲ್ದಾಣ, ರೈಲ್ವೆ ಸ್ಟೇಷನ್ ಎಲ್ಲ ಹುಡುಕಿದೆವು. ಸಮುದ್ರದ ಕಡೆ ನೋಡಲು ನನಗೆ ಧೈರ್ಯವಿರಲಿಲ್ಲ. ಅಷ್ಟರಲ್ಲಿ ನಮ್ಮ ಕಂಪನಿ ಬಸ್ಸಿನ ಡ್ರೈವರ್ ಫೋನ್ ಮಾಡಿದ. ಗದಗಿನ ಕಡೆಯ ಹುಡುಗ, ಹಿಂದೊಮ್ಮೆ ನಮ್ಮ ಮನೆಗೆ ಬಂದು ಉಂಡಿದ್ದ.

"ಅಕ್ಕಾರ, ಹೆದರಬ್ಯಾಡ್ರಿ. ನಿಮ್ಮ ಸೀಟಿನ್ಯಾಗ ನಿಮ್ಮ ತಮ್ಮ ಕುಂತಾನ."

ದಾಬೋಲಿಮ್ ದಾಟಿ ಹೆದ್ದಾರಿಯಲ್ಲಿ ಬರಿಗಾಲಲ್ಲಿ ನಡೆದುಹೋಗುತ್ತಿದ್ದನಂತೆ. ಕೆಲಸದವರಲ್ಲದೆ ಯಾರನ್ನೂ ಹತ್ತಿಸಬಾರದು ಎಂಬ ನಿಯಮ ಮುರಿದು ಡ್ರೈವರ್ ಬಸ್ಸು ನಿಲ್ಲಿಸಿದ್ದ. ಪಾಳಿಯ ಹೆಂಗಸರು ತಮ್ಮ ಡಬ್ಬಿಯಿಂದ ಚಪಾತಿ ಕೊಟ್ಟಿದ್ದರು. ನಾನು ಕಾರ್ಖಾನೆಗೆ ಹೋಗಿ ಅವನನ್ನು ಕರೆದುಕೊಂಡು, ಎಲ್ಲಿಗೆ ಹೊರಟಿದ್ದೆ ಎಂದು ಕೇಳಿದರೆ, "ಮನಿ ಹುಡುಕಾಕ. ನಿನಗ ಸಿಗವಲ್ದಲ್ಲ, ನಾನೇ ನೋಡೋಣು ಅಂತ" ಎಂದ.

ಅವತ್ತೇ ನಾನು ಡಾಕ್ಟರ ಬಾಗಿಲಲ್ಲಿ ಹೋಗಿ ಕೂತೆ. ಚೀಟಿ ತೋರಿಸಿ, ಸರದಿ ಬರಲಿ, ನಾಳೆ ಬನ್ನಿ, ಏನು ಹೇಳಿದರೂ ಏಳಲಿಲ್ಲ. ಮನೆಯವರು ನನ್ನ ಮಗಳನ್ನು ಕೊಟ್ಟು ಈ ಸಮಸ್ಯೆ ಮುಗಿಸಹೊರಟಿದ್ದರು ಎಂದು ಡಾಕ್ಟರ ಮುಖಕ್ಕೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಒಬ್ಬರಿಗೆ ಫೋನ್ ಮಾಡಿದರು. ಕೇಪೆಂ ಕಡೆಯ ಆ ಮನೆಯಲ್ಲಿ ಹಾಸಿಗೆ ಖಾಲಿಯಾಗುವುದೇ ಅಪರೂಪವಂತೆ. ಯಾರೋ ಒಬ್ಬರು ತಮ್ಮ ಅಕ್ಕನ ಮನೆಗೆ ವಾಪಸು ಹೋಗುವವರಿದ್ದರು. ಆ ಅಕ್ಕ ಯಾರೋ, ಅವಳ ಪಾಡು ಏನೋ. ನಾನು ಕೇಳಲಿಲ್ಲ, ಹಾಸಿಗೆ ನಮಗಿರಲಿ ಎಂದು ಕೈ ಮುಗಿದೆ.

ಆ ಮನೆ ನಡೆಸುವವರು ಎಲ್ವಿರಾ ಬಾಯಿ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು, ತಮ್ಮ ತಾಯಿಯ ಕಡೆಯಿಂದ ಬಂದ ಹಳೆಯ ಮನೆಯನ್ನು ಇದಕ್ಕೆ ಬಿಟ್ಟುಕೊಟ್ಟಿದ್ದಾರೆ. ಬಲು ಗಟ್ಟಿ ಹೆಂಗಸು. ಬಸುವಿಗಿಂತ ಜಾಸ್ತಿ ನಮ್ಮನ್ನೇ ವಿಚಾರಣೆ ಮಾಡಿದರು. ತಂದು ಬಿಟ್ಟು ಮಾಯವಾಗುವವರಿಗೆ ಇಲ್ಲಿ ಜಾಗವಿಲ್ಲ, ಮನೆಯವರು ಬರುತ್ತಿರಬೇಕು, ಹಬ್ಬಕ್ಕೆ ಕರೆದೊಯ್ಯಬೇಕು, ಎಂದರು. ಬೀಗ ಹಾಕಿದ ಅಣ್ಣನೂ ಬರಬೇಕು, ಅವನು ಬರದಿದ್ದರೆ ಸೇರಿಸಿಕೊಳ್ಳುವುದಿಲ್ಲ, ಎಂದು ಹಟ ಹಿಡಿದರು.

ಅಣ್ಣ ಬಂದ. ಬರುತ್ತಲೇ ಮೂಗು ಸಿಂಡರಿಸಿದ. "ಕ್ರಿಸ್ತಾಂವರ ಮನಿ. ಮೀನದ ವಾಸ್ನಿ. ನಮ್ಮ ಹುಡುಗ ಹೆಂಗ ಇರ್ತಾನ ಇಲ್ಲಿ?" ಎಂದು ನನ್ನ ಕಿವಿಯಲ್ಲಿ ಹೇಳಿದ. ಮೀನು ತಿನ್ನದವರು ಮತ್ತೂ ಇದ್ದಾರೆ, ಅವರ ಪಾತ್ರೆ ಬೇರೆ, ಎಂದು ಎಲ್ವಿರಾ ಬಾಯಿ ಹೇಳುತ್ತಿದ್ದರು. ಬಸು ಅದೊಂದನ್ನೂ ಕೇಳದೆ ತನಗೆಂದು ತೋರಿಸಿದ ಕೋಣೆಗೆ ಹೋಗಿ ಬಾಗಿಲನ್ನು ಎರಡೂ ಕಡೆಯಿಂದ ತಡವಿ ನೋಡಿದ. ಚಿಲಕ ಒಳಗಡೆ ಇತ್ತು, ಹೊರಗಡೆ ಇರಲಿಲ್ಲ.

"ಮೀನದ ವಾಸ್ನಿ ನಡೀತೈತಿ ಅಣ್ಣಾ" ಎಂದ. "ಬೀಗ ನಡ್ಯಂಗಿಲ್ಲ."

ಅಣ್ಣ ಹೋಗಿ ಕಾಗದಕ್ಕೆ ಸಹಿ ಹಾಕಿದ. ತಿಂಗಳ ಖರ್ಚನ್ನು ಅವನೂ ನಾವೂ ಹಂಚಿಕೊಂಡಿದ್ದೇವೆ. ಅಷ್ಟರ ಮಟ್ಟಿಗೆ ಅವನ ಮರ್ಯಾದೆ ಉಳಿಸುತ್ತೇನೆ.

ಮೊದಲ ದಿನಗಳು ನರಕ. ದಿನವೂ ಫೋನ್, "ಅಕ್ಕಾ, ಕರ್ಕೊಂಡು ಹೋಗು." ಕೆಲಸದ ಮಧ್ಯೆ ಕೈತೊಳೆಯುವ ಕೋಣೆಗೆ ಹೋಗಿ ಅತ್ತು ಬರುತ್ತಿದ್ದೆ. ಆಮೇಲೆ ಒಂದು ವಾರ ಫೋನೇ ಇಲ್ಲ, ಅದು ಇನ್ನೂ ಕೆಟ್ಟದಾಗಿತ್ತು. ಗಾಬರಿಯಾಗಿ ಹೋದರೆ ಅವನು ಹಿತ್ತಲಲ್ಲಿ ಮೆಣಸಿನ ಸಸಿಗೆ ನೀರು ಹಾಕುತ್ತಿದ್ದ. ಕೈಯಲ್ಲಿ ಕೆಲಸವಿತ್ತು, ಫೋನ್ ಮರೆತಿದ್ದ. ಗುಣವಾಗಿದ್ದಾನೆ ಎಂದು ನಾನು ಹೇಳುವುದಿಲ್ಲ. ಕೆಲವು ದಿನ ದನಿಗಳು ಹತ್ತಿರ ಬರುತ್ತವೆ. ಆಗ "ಇವತ್ತು ಬಂದಾರ" ಎಂದು ಎಲ್ವಿರಾ ಬಾಯಿಗೆ ಹೇಳುತ್ತಾನೆ. ಅವರು ಅವನನ್ನು ಗದರುವುದಿಲ್ಲ, ಡಾಕ್ಟರಿಗೆ ಫೋನ್ ಮಾಡುತ್ತಾರೆ. ಊಟಕ್ಕೆ ಕೂತಾಗ ಎಲ್ಲರ ತಟ್ಟೆಯ ಪಕ್ಕ ಉಪ್ಪಿನಕಾಯಿ ಬಡಿಸಿದ ಹಾಗೆ ಅವರವರ ಗುಳಿಗೆ ಬರುತ್ತದೆ.

ಅವ್ವ ಬಹಳ ಕಾಲ ಅಲ್ಲಿಗೆ ಕಾಲಿಡಲಿಲ್ಲ. ನನ್ನ ಜೊತೆ ಮಾತನ್ನೇ ಬಿಟ್ಟಿದ್ದಳು. ಕೊನೆಗೊಮ್ಮೆ ಶೇಂಗಾ ಹೋಳಿಗೆ ಕಟ್ಟಿಕೊಂಡು, ಅಣ್ಣನಿಗೆ ಹೇಳದೆ, ನನ್ನ ಜೊತೆ ಬಂದಳು. ಬಸು ಅವಳನ್ನು ಪಡಸಾಲೆಯ ಕುರ್ಚಿಯಲ್ಲಿ ಕೂರಿಸಿ ತಾನೇ ಚಹಾ ತಂದುಕೊಟ್ಟ. ಕಪ್ಪೂ ಬಸಿಯೂ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ.

ಅವ್ವ ಅವನ ಕೈ ಹಿಡಿದು, "ನಡಿಯೋ ನನ್ನಪ್ಪಾ, ಮನಿಗೆ ಹೋಗೋಣು" ಎಂದಳು.

"ಈಗ ಹೆಂಗ ಬರ್ಲಿ? ಕಾಯಿಪಲ್ಯೆ ಹೆಚ್ಚೂದು ನನ್ನ ಪಾಳಿ. ನೀ ಉಂಡು ಸಂಜಿತನಕ ಇರು. ಕಡೀ ಬಸ್ಸಿಗೆ ಹೋಗಾಕಂತಿ."

ಊಟವಾದ ಮೇಲೆ ಅವ್ವ ಅವನ ಕೋಣೆಗೆ ಒಬ್ಬಳೇ ಹೋದಳು. ಬಾಗಿಲು ಮುಚ್ಚಿ, ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದು ಕೇಳಿತು. ಬಸು ಹೊರಗೆ ಗೋಡೆಗೊರಗಿ ಕಾಯುತ್ತ ನಿಂತ, ಬಡಿಯಲಿಲ್ಲ. ಬಹಳ ಹೊತ್ತಿನ ಮೇಲೆ ಬಾಗಿಲು ತೆಗೆದು ಬಂದಳು, ಕಣ್ಣು ಕೆಂಪಗಾಗಿದ್ದವು.

ಈಗ ಈ ವಾರದ ಮಾತು. ನಮ್ಮ ಪ್ಯಾಕಿಂಗ್ ವಿಭಾಗದಲ್ಲಿ ಗಂಗವ್ವ ಎಂಬ ಹೆಣ್ಣುಮಗಳಿದ್ದಾಳೆ. ಬಾಗಲಕೋಟೆ ಕಡೆಯವಳು, ಝುವಾರಿನಗರದಲ್ಲಿ ಮನೆ. ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೂತು, ಕಿಟಕಿಯ ಕಡೆ ನೋಡುತ್ತ, ಬಸು ಇರುವ ಮನೆಯ ವಿಳಾಸ ಕೇಳಿದಳು. ಅವಳ ತಮ್ಮನಿಗೂ ಇದೇ ಕಾಯಿಲೆ. ಅವಳ ಮಗಳನ್ನು ಅವನಿಗೆ ಕೊಡುವುದೆಂದು ಅವಳ ತವರಿನವರು ಮಾತಾಡಿದ್ದಾರೆ. ಬರುವ ಭಾನುವಾರ ಸಕ್ಕರೆ ಹಂಚುತ್ತಾರಂತೆ. ಹುಡುಗಿ ಕಾಲೇಜು ಮೆಟ್ಟಿಲು ಹತ್ತಿ ಇನ್ನೂ ವರ್ಷವಾಗಿಲ್ಲ.

ನಾನು ಅಲ್ಲಿಂದಲೇ ಎಲ್ವಿರಾ ಬಾಯಿಗೆ ಫೋನ್ ಮಾಡಿದೆ. ಹಾಸಿಗೆ ಇಲ್ಲ. ಕಾಯುತ್ತಿರುವವರೇ ಬೇಕಾದಷ್ಟು. ಯಾವಾಗ ಆಗಬಹುದು ಎಂದರೆ ದೇವರಿಗೇ ಗೊತ್ತು ಎಂದರು. ನಮ್ಮ ಬಸು ಮಲಗಿರುವ ಹಾಸಿಗೆಗಾಗಿ ಎಷ್ಟು ಹುಡುಗಿಯರು ಮಣೆಯ ಮೇಲೆ ಕೂತಿದ್ದಾರೋ ಎಂದು ಯೋಚಿಸಿದರೆ ನನಗೆ ಸಮಾಧಾನದ ಮಾತು ಯಾವುದೂ ಹೊಳೆಯುವುದಿಲ್ಲ. ಓದುವವರಿಗೆ ಧೈರ್ಯ ಹೇಳಿ ಮುಗಿಸಬೇಕೆಂದು ಕೂತವಳು ನಾನು. ಇಷ್ಟು ದೊಡ್ಡ ನಾಡಿನಲ್ಲಿ, ಇಷ್ಟೊಂದು ಹೋಟೆಲು ಕಟ್ಟುವ ಜಾಗದಲ್ಲಿ, ಇವರಿಗೆಂದು ನಾಲ್ಕು ಮನೆ ಕಟ್ಟದಂತೆ ಯಾರು ಕೈ ಹಿಡಿದಿದ್ದಾರೆ?

ಸಂಜೆ ಅಂಗಡಿಯ ಮೇಲಿನ ಮನೆಗೆ ಹೋಗಿ ಇದನ್ನೆಲ್ಲ ಅವ್ವನಿಗೆ ಹೇಳಿದೆ. ಭಾನುವಾರ ನಾನು ಗಂಗವ್ವನ ಮನೆಗೆ ಹೋಗುತ್ತೇನೆ, ಜಗಳವಾದರೆ ಆಗಲಿ, ಎಂದೆ. ಅವ್ವ ಅವರೆಕಾಯಿ ಬಿಡಿಸುತ್ತಿದ್ದಳು.

"ನಾನೂ ಬರ್ತೇನಿ" ಎಂದಳು. "ನಿನ್ನ ಮಾತು ಕೇಳಂಗಿಲ್ಲ ಅವ್ರು. ಮುದುಕಿ ಮಾತು ಕೇಳ್ತಾರ. ನಾನೂ ಹಿಂಗ ಮಾಡಾಕ ಹೋಗಿದ್ದೆ, ಮಾಡಬ್ಯಾಡ್ರಿ ಅಂತ ಹೇಳ್ತೇನಿ."

"ಜಾಗಾ ಸಿಗೂತನಕ ಆ ಹುಡುಗನ್ನ ಯಾರು ನೋಡ್ಕೋಬೇಕು ಅಂತ ಕೇಳ್ತಾರಲ್ಲ ಅವ್ವಾ. ಏನ್ ಹೇಳ್ತಿ?"

ಅವ್ವ ಒಂದು ಕಾಯಿ ಬಿಡಿಸಿ, ಸಿಪ್ಪೆಯನ್ನು ಮೊರದಲ್ಲಿ ಹಾಕಿ, ತಲೆಯೆತ್ತಿದಳು.

"ಅಂವಗ ಅಣ್ಣಗೋಳು ಇಲ್ಲೇನು? ಅವ್ರಿಗೆ ಕೈ ಇಲ್ಲೇನು?"

ಎದುರಿನ ಕುರ್ಚಿಯಲ್ಲಿ ಅಣ್ಣ ಕೂತಿದ್ದ. ಅವ್ವ ನೋಡಿದ್ದು ಅವನನ್ನೇ.